ಸುತ್ತದೆ ಬಿಟ್ಟ ಎಂಟನೆಯ ಚಿತ್ರ

ಜನ ಹೊತ್ತನ್ನು ನೆರಳಿನಿಂದ ಅಳೆಯುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಪ್ರಭಾಪುರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಚಿತ್ರ ತೆಗೆಯುವ ಅಧಿಕಾರ ದೇವಾಜಮ್ಮ ಎಂಬಾಕೆಯದು. ಆಕೆಯ ಬಳಿ ಒಂದು ಮಡಿಸುವ ಕ್ಯಾಮೆರಾ ಇತ್ತು. ಮಡಿಸಿದರೆ ಅದು ಪುಸ್ತಕದಷ್ಟೇ ದಪ್ಪ. ಗುಂಡಿ ಒತ್ತಿದರೆ ಮುಚ್ಚಳ ಕೆಳಗಿಳಿದು, ಕಮ್ಮಾರನ ತಿದಿಯಂಥ ಕಪ್ಪು ಚರ್ಮದ ಮಡಿಕೆಗಳು ಮುಂದೆ ಬರುತ್ತಿದ್ದವು. ಬೆನ್ನಿನಲ್ಲಿ ಒಂದು ಕೆಂಪು ಕಿಟಕಿ. ಒಂದು ಸುರುಳಿ ಫಿಲಂಗೆ ಎಂಟೇ ಚಿತ್ರ. ಸುತ್ತಿದ ಹಾಗೆ ಒಂದೊಂದೇ ಅಂಕಿ ಆ ಕಿಟಕಿಯಲ್ಲಿ ಕಾಣುತ್ತಿತ್ತು.

ಆ ಕ್ಯಾಮೆರಾ ಕಂಡದ್ದೆಲ್ಲ ನಿಜವಾಗುತ್ತಿತ್ತು. ಆದರೆ ಸುತ್ತಿದ ಮೇಲೆಯೇ ಅದಕ್ಕೆ ಮುದ್ರೆ ಬೀಳುತ್ತಿತ್ತು.

"ಅಳೆ, ತೆರೆ, ಒತ್ತು, ಸುತ್ತು," ಎಂದು ದೇವಾಜಮ್ಮ ಮಗಳು ವನಜಾಕ್ಷಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಕಾರಣವಿತ್ತು. ಹಿಂದೊಮ್ಮೆ ವನಜಾಕ್ಷಿ ಮಂತ್ರಿಯ ಹೆಂಡತಿಯ ಚಿತ್ರ ತೆಗೆದು, ಸುತ್ತುವುದನ್ನು ಮರೆತು, ಅದೇ ಜಾಗದ ಮೇಲೆ ಅರಮನೆಯ ಎಮ್ಮೆಯನ್ನೂ ತೆಗೆದಿದ್ದಳು. ಆ ಚಿತ್ರವನ್ನು ಸುಡುವವರೆಗೂ ಮಂತ್ರಿಯ ಹೆಂಡತಿಯ ತಲೆಯ ಮೇಲೆ ಕೊಂಬುಗಳಿದ್ದವು.

ಒಂದು ದಿನ ಬೆಳಿಗ್ಗೆ ಧೂಮದತ್ತನೆಂಬ ಮಾಂತ್ರಿಕ ಚಿತ್ರ ತೆಗೆಸಿಕೊಳ್ಳಲು ಬಂದ. ಕತ್ತಲಕೋಣೆಯಲ್ಲಿ ಆ ತುಂಡನ್ನಷ್ಟೇ ಕತ್ತರಿಸಿ ತೊಳೆದು ನೋಡಿದರೆ ಫಿಲಂನಲ್ಲಿ ಬರೀ ಕುರ್ಚಿ.

"ನಿಮಗೆ ಮುಖವೇ ಇಲ್ಲ, ಸ್ವಾಮಿ. ಇಲ್ಲದ್ದನ್ನು ನಾನು ತೆಗೆಯಲಾರೆ," ಎಂದಳು ದೇವಾಜಮ್ಮ. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಹಾಗಾದರೆ ನಿನ್ನದೇ ಇರಲಿ," ಎಂದು ಅವನು ಅವಳ ರೂಪವನ್ನು ಅಂಗಿಯಂತೆ ಸೆಳೆದು ತೊಟ್ಟು ಹೊಗೆಯಾಗಿ ಬೆಟ್ಟದ ಕಡೆಗೆ ಹಾರಿದ. ದೇವಾಜಮ್ಮನ ದನಿಯೊಂದೇ ಉಳಿಯಿತು. ಮೂರನೆಯ ದಿನ ಸೂರ್ಯ ಮುಳುಗಿದರೆ ಅದೂ ಇಲ್ಲ ಎಂದು ಆಸ್ಥಾನದ ಪಂಡಿತರು ತಿಳಿಸಿದರು.

ವನಜಾಕ್ಷಿ ಕ್ಯಾಮೆರಾ ತೆಗೆದುಕೊಂಡಳು. ಕೆಂಪು ಕಿಟಕಿಯಲ್ಲಿ ಆರು ಎಂಬ ಅಂಕಿಯಿತ್ತು. ಉಳಿದದ್ದು ಮೂರೇ ಚಿತ್ರ. ಕಡಲಾಚೆಯಿಂದ ಫಿಲಂ ತರುವ ಹಡಗು ಬರಲು ಇನ್ನೂ ಆರು ತಿಂಗಳು.

"ಹೊರಟೆಯಾ? ಜಡೆ ಬಿಗಿಯಾಗಿ ಕಟ್ಟಿಕೋ. ಕೂದಲು ಮಸೂರದ ಮುಂದೆ ಬಂದೀತು," ಎಂದಿತು ಪಕ್ಕದಲ್ಲಿ ದನಿ.

ಮೊದಲ ದಿನ ಗಾಳಿಕುದುರೆ ದಾರಿಗೆ ಅಡ್ಡ ಬಂತು. ಅದು ಒಂದು ಕ್ಷಣವೂ ನಿಲ್ಲುವ ಪ್ರಾಣಿಯಲ್ಲ.

"ಅದರ ಹಿಂದೆ ಓಡಬೇಡ ಕಣೇ. ಎಲ್ಲಿ ತಿರುಗುತ್ತದೆ ನೋಡು. ತಿರುಗುವಾಗ ಗಾಳಿಯೂ ಒಂದು ಗಳಿಗೆ ನಿಲ್ಲುತ್ತದೆ."

ವನಜಾಕ್ಷಿ ಕಾದಳು. ಕುದುರೆ ಬಂಡೆಯ ಬಳಿ ತಿರುಗಿತು. ಅಳೆದಳು, ತೆರೆದಳು, ಒತ್ತಿದಳು, ಸುತ್ತಿದಳು. ಕುದುರೆ ನಿಂತಲ್ಲೇ ನಿಂತು ಹುಲ್ಲು ಮೇಯತೊಡಗಿತು.

ಎರಡನೆಯ ದಿನ ಬೆಂಕಿನವಿಲು ಎದುರಾಯಿತು. ಅದರ ಗರಿಗಳನ್ನು ನೋಡಿದವರ ಕಣ್ಣು ಉರಿದುಹೋಗುತ್ತಿತ್ತು. ವನಜಾಕ್ಷಿ ಬೆನ್ನು ತಿರುಗಿಸಿ, ಅದರ ಕಾಲಸಪ್ಪಳದಿಂದ ದೂರ ಅಂದಾಜು ಮಾಡಿ, ಮಸೂರದ ಕಂಡಿಯನ್ನು ಸಾಸಿವೆ ಕಾಳಿನಷ್ಟು ಕಿರಿದುಗೊಳಿಸಿ, ಕ್ಯಾಮೆರಾವನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದಳು. ಅಳೆದಳು, ತೆರೆದಳು, ಒತ್ತಿದಳು, ಸುತ್ತಿದಳು. ಅಷ್ಟು ಕಡಿಮೆ ಬೆಳಕಿನಲ್ಲಿ ಕಂಡ ನವಿಲು ನಂದಿಹೋಗಿ ಬರೀ ನವಿಲಾಗಿ ಕೂಗಿತು.

"ಪರವಾಗಿಲ್ಲ," ಎಂದಿತು ದನಿ. ದೇವಾಜಮ್ಮನ ಬಾಯಿಂದ ಅದೇ ದೊಡ್ಡ ಹೊಗಳಿಕೆ. ಆದರೆ ದನಿ ದಾರದಂತೆ ತೆಳ್ಳಗಾಗಿತ್ತು.

ಮೂರನೆಯ ಸಂಜೆ ಬೆಟ್ಟದ ತುದಿಯಲ್ಲಿ, ಕಲ್ಲುಪೀಠದ ಮೇಲೆ, ತಾಯಿಯ ಮುಖ ತೊಟ್ಟು ಧೂಮದತ್ತ ಕುಳಿತಿದ್ದ.

"ಬಾ ಮಗಳೇ!" ಎಂದು ನಕ್ಕ. "ಎಂಟನೆಯದೊಂದೇ ಉಳಿದಿದೆ, ಅಲ್ಲವೇ? ಈಗ ನನಗೆ ಮುಖವಿದೆ. ತೆಗೆ. ಈ ಮುಖ ಎಂದೆಂದಿಗೂ ನನ್ನದಾಗಲಿ. ಒಲ್ಲೆ ಎನ್ನುವೆಯೋ, ನಿನ್ನ ತಾಯಿಯನ್ನೇ ಕೂರಿಸಿ ತೆಗೆ. ಬರೀ ಕಲ್ಲು ಬರುತ್ತದೆ!"

ವನಜಾಕ್ಷಿ ಸೂರ್ಯನನ್ನು ನೋಡಿದಳು. ಎರಡು ಬೆರಳಿನಷ್ಟು ಹೊತ್ತು ಉಳಿದಿತ್ತು. ಆಮೇಲೆ ಅವಳಿಗೆ ಮಂತ್ರಿಯ ಹೆಂಡತಿಯ ಕೊಂಬು ನೆನಪಾಯಿತು.

"ನೆಟ್ಟಗೆ ಕೂತುಕೊಳ್ಳಿ. ನಮ್ಮಮ್ಮ ಹಾಗೆ ಗೂನು ಬೆನ್ನು ಮಾಡುವವಳಲ್ಲ," ಎಂದಳು. ಕ್ಯಾಮೆರಾವನ್ನು ಬಂಡೆಯ ಮೇಲೆ ಅಲುಗಾಡದಂತೆ ಇಟ್ಟಳು. ಹೆಜ್ಜೆ ಹಾಕಿ ದೂರ ಅಳೆದಳು. ಕಂಡಿಯನ್ನು ಬೇಕಾದುದರ ಅರ್ಧಕ್ಕೆ ಇಳಿಸಿದಳು.

"ಬೆಳಕು ಸಾಲದು ಕಣೇ, ಮುಖ ಕಪ್ಪಾಗುತ್ತದೆ!" ಎಂದಿತು ದನಿ.

ವನಜಾಕ್ಷಿ ಒತ್ತಿದಳು. "ಆಯಿತು, ಏಳಿ."

ಧೂಮದತ್ತ ಕುಣಿಯುತ್ತ ಎದ್ದ.

"ಅಮ್ಮಾ, ಆ ಪೀಠದ ಮೇಲೆ ಕೂತುಕೋ."

"ಮೊದಲು ಸುತ್ತು! ಎಷ್ಟು ಸಲ ಹೇಳಬೇಕು ನಿನಗೆ? ಅಳೆ, ತೆರೆ, ಒತ್ತು..."

"ಅಮ್ಮಾ, ಇದೊಂದು ಸಲ ನನ್ನ ಮಾತು ಕೇಳು."

ಪೀಠದ ಕಡೆಯಿಂದ ದನಿ ಸಣ್ಣಗೆ "ಕೂತೆ" ಎಂದಿತು. ವನಜಾಕ್ಷಿ ಅದೇ ಎಂಟರ ಮೇಲೆ, ಇನ್ನರ್ಧ ಬೆಳಕಿನಲ್ಲಿ, ಮತ್ತೊಮ್ಮೆ ಒತ್ತಿದಳು.

ಆಗ ಸುತ್ತಿದಳು.

ಹೊಗೆಗೆ ಫಿಲಂ ಮೇಲೆ ಗುರುತಿಲ್ಲ. ಉಳಿದದ್ದು ತಾಯಿಯ ಮುಖ, ಅದರ ಮೇಲೆ ಕಣ್ಣಿಗೆ ಕಾಣದೆ ಕುಳಿತ ತಾಯಿ. ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಎರಡೂ ಒಂದಕ್ಕೊಂದು ಕೂಡಿಕೊಂಡವು. ಧೂಮದತ್ತನ ಮೈಮೇಲಿಂದ ರೂಪ ಜಾರಿತು. ಬೆಟ್ಟದ ಗಾಳಿ ಅವನನ್ನು ಒಲೆಯ ಹೊಗೆಯಂತೆ ಚದುರಿಸಿತು. ಪೀಠದ ಮೇಲೆ ದೇವಾಜಮ್ಮ ನೆಟ್ಟಗೆ ಕುಳಿತಿದ್ದಳು. ಸೂರ್ಯ ಮುಳುಗಿದ.

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಸೆರಗು ಸರಿಪಡಿಸಿಕೊಂಡಳು.

"ಸುತ್ತಲಿಲ್ಲ ನೀನು," ಎಂದಳು.

"ಇಲ್ಲಮ್ಮ."

"ಬೇಕೆಂದೇ?"

"ಬೇಕೆಂದೇ."

ದೇವಾಜಮ್ಮ ಕ್ಯಾಮೆರಾವನ್ನು ಮಡಿಸಿ, ಬಾಯಿಯಿಂದ ಧೂಳು ಊದಿ, ಮಗಳ ಹೆಗಲಿಗೆ ತಾನೇ ತೂಗುಹಾಕಿದಳು. "ಇನ್ನು ಇದು ನಿನ್ನದು," ಎಂದಳು.

ರಾಜನು ಅರ್ಧ ರಾಜ್ಯ ಕೊಡಲು ಬಂದ. ವನಜಾಕ್ಷಿ ವರ್ಷಕ್ಕೆ ಹನ್ನೆರಡು ಸುರುಳಿ ಫಿಲಂ ಕೇಳಿಕೊಂಡಳು. ಗಾಳಿಕುದುರೆ ಅರಮನೆಯ ಲಾಯಕ್ಕೆ ಬಂತು, ನವಿಲು ತೋಟಕ್ಕೆ. ಎಂಟನೆಯ ಚಿತ್ರವನ್ನು ದೇವಾಜಮ್ಮ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಳು, ಬೆಂಕಿ ಸೋಕದ ಜಾಗದಲ್ಲಿ. ಆಮೇಲೆ ತಾಯಿ ಮಗಳು ಊಟಕ್ಕೆ ಕುಳಿತರೆ ಬೆಳಕಿನದೇ ಮಾತು, ವಾದ, ನಗು. ಪ್ರಭಾಪುರಿಯಲ್ಲಿ ಪ್ರತಿಯೊಬ್ಬರಿಗೂ ಅವರವರ ಮುಖ ಅವರವರಲ್ಲೇ ಉಳಿಯಿತು, ಎಲ್ಲರೂ ಅದರಲ್ಲೇ ಸುಖವಾಗಿದ್ದರು.