ಅರಗು ಹತ್ತದ ಮರ

ಅಜ್ಜಂದಿರ ಅಜ್ಜಂದಿರೂ ಹುಟ್ಟದಿದ್ದ ಕಾಲದಲ್ಲಿ ಹೊನ್ನಾಲೆ ಎಂಬ ರಾಜ್ಯವಿತ್ತು. ಯುಗಾದಿಯಂದು ಅಲ್ಲಿ ಪ್ರತಿ ಬಾಗಿಲಿಗೂ ಬಣ್ಣದ ಮರದ ಗಿಳಿಗಳ ಜೋಡಿ ಕಟ್ಟುತ್ತಿದ್ದರು. ಜೋಡಿ ಗಿಳಿ ಕಟ್ಟಿದ ಹೊಸಿಲನ್ನು ಯಾವ ಮಾಯಾವಿಯೂ ದಾಟಲಾರ. ಗಿಳಿ ಮಾಡುವವರು ಬೊಮ್ಮಣ ಮತ್ತು ಅವನ ಅಕ್ಕ ನೀಲವ್ವ. ಅಕ್ಕ ಎರಡು ಮೊಳೆಗಳ ನಡುವೆ ಮರ ಸಿಕ್ಕಿಸಿದ ಕಡಚಲನ್ನು ಹಗ್ಗ ಎಳೆದು ತಿರುಗಿಸುವಳು. ತಮ್ಮ ತಿರುಗುವ ಮರಕ್ಕೆ ಉಳಿ ಹಿಡಿದು ಕಡೆಯುವನು, ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಬಿಸಿಗೆ ಕರಗಿದ ಬಣ್ಣ ಹತ್ತಿಸುವನು.

ಒಂದು ಹಬ್ಬದ ಬೆಳಿಗ್ಗೆ ಊರಿನ ಬಾಗಿಲುಗಳಿಗೆಲ್ಲ ಗಿಳಿ ಕಟ್ಟಿಯಾಗಿತ್ತು. ಮಾಡಿದವರ ಬಾಗಿಲೊಂದೇ ಬರಿದಾಗಿತ್ತು. ಧೂಮಾಕ್ಷನೆಂಬ ಮಾಯಾವಿ ಅಲ್ಲಿಂದ ಒಳಗೆ ಬಂದ. ದಂಡದಿಂದ ನೀಲವ್ವನನ್ನು ಮುಟ್ಟಿದ. ಅವಳಿದ್ದಲ್ಲಿ ತೊಗಟೆ ಸುಲಿದ ಮೂರು ಮರದ ತುಂಡುಗಳು ಉರುಳಾಡಿದವು.

"ಇವುಗಳಲ್ಲಿ ಒಂದು ನಿನ್ನ ಅಕ್ಕ. ಉಳಿದೆರಡರಲ್ಲಿ ಗಿಳಿ ಕಡೆದು ನಿನ್ನ ಬಾಗಿಲಿಗೆ ಕಟ್ಟು, ಎದ್ದು ಬರುತ್ತಾಳೆ. ತಪ್ಪಿದರೆ ನಿನ್ನ ಉಳಿಯೇ ಅವಳನ್ನು ಕೊಲ್ಲುತ್ತದೆ. ಹಗ್ಗ ನಾನೇ ಎಳೆಯುತ್ತೇನೆ."

ಅಕ್ಕನ ರಕ್ತ ಕಂಡ ಕೈ ಮತ್ತೆಂದೂ ಗಿಳಿ ಮಾಡದು ಎಂದು ಮಾಯಾವಿಯ ಎಣಿಕೆ.

ಬೊಮ್ಮಣ ಮೂರನ್ನೂ ಎತ್ತಿ ನೋಡಿದ, ತೂಕ ಒಂದೇ. ತಟ್ಟಿ ನೋಡಿದ, ಸದ್ದು ಒಂದೇ. ಮೂಸಿ ನೋಡಿದ, ವಾಸನೆಯೂ ಒಂದೇ. ಆಗ ಹೋದ ವರ್ಷದ್ದು ನೆನಪಾಯಿತು. ಆತುರಪಟ್ಟು ಒಣಗದ ತುಂಡಿಗೆ ಬಣ್ಣ ಹಾಕಹೋಗಿ ಕೆಡಿಸಿದಾಗ ಅಕ್ಕ ನಕ್ಕಿದ್ದಳು: "ಹಸಿ ಮರಕ್ಕೆ ಅರಗು ಹತ್ತೋದಿಲ್ಲ ಕಣೋ ದಡ್ಡ. ಅದಕ್ಕಿನ್ನೂ ಜೀವ ಇರುತ್ತೆ."

ಉಳಿಯನ್ನು ಕೆಳಗಿಟ್ಟು ಅರಗಿನ ಕಡ್ಡಿ ತೆಗೆದುಕೊಂಡ.

"ಕಡೆಯುವ ಮೊದಲೇ ಬಣ್ಣವೋ? ಒಳ್ಳೆ ಕಸುಬುದಾರ," ಎಂದು ಹಂಗಿಸುತ್ತ ಮಾಯಾವಿ ಹಗ್ಗ ಎಳೆದ.

ಮೊದಲ ಮರ ತಿರುಗಿತು, ಬಿಸಿಯಾಯಿತು, ಅರಗು ಕರಗಿ ಹತ್ತಿತು. ಎರಡನೆಯದು ತಿರುಗಿತು, ಬಿಸಿಯಾಯಿತು, ಅರಗು ಕರಗಿ ಹತ್ತಿತು. ಮೂರನೆಯದು ತಿರುಗಿತು, ಬಿಸಿಯಾಯಿತು, ಅರಗು ನಿಲ್ಲದೆ ಉದುರಿಹೋಯಿತು. ಬೊಮ್ಮಣ ಅದನ್ನು ಬಿಡಿಸಿ, ತನ್ನ ಹೆಗಲ ವಸ್ತ್ರ ಹೊದಿಸಿ ಮಲಗಿಸಿದ.

ಉಳಿದೆರಡನ್ನು ಕಡೆದ, ಬಣ್ಣ ಹಾಕಿದ, ಬಾಗಿಲಿಗೆ ಕಟ್ಟಿದ. ವಸ್ತ್ರ ಅಲುಗಿತು. ನೀಲವ್ವ ಎದ್ದು ಕುಳಿತಳು. ಅವಳ ಎರಡು ಅಂಗೈಗಳ ನಡುವೆಯೂ ಕಡಚಲಿನ ಮೊಳೆ ಚುಚ್ಚಿದ ಗುರುತಿತ್ತು.

ಧೂಮಾಕ್ಷ ಸಿಟ್ಟಿನಿಂದ ಹೊರಟವನು ಹೊಸಿಲ ಬಳಿ ನಿಂತುಬಿಟ್ಟ. ತಲೆಯ ಮೇಲೆ ಜೋಡಿ ಗಿಳಿ.

"ಬಿಚ್ಚು ಅವನ್ನು."

"ಕಟ್ಟು ಅಂದವನು ನೀನೇ," ಎಂದ ಬೊಮ್ಮಣ.

ಮಾಯಾವಿ ಕಾಲು ಮುಂದಿಟ್ಟ, ಮರದ ಹೊಟ್ಟಾಗಿ ಉದುರಿದ. ನೀಲವ್ವ ಪೊರಕೆ ತಂದು ಗುಡಿಸಿದಳು.

ಆಮೇಲೆ ಹೊನ್ನಾಲೆಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಬೊಮ್ಮಣ ಮಾತ್ರ ಯಾವ ಮರಕ್ಕೂ ತಾನಾಗಿ ಉಳಿ ಹಿಡಿಯಲಿಲ್ಲ. ನೀಲವ್ವ ಮೊದಲು ಗುರುತಿನ ಅಂಗೈಯನ್ನು ಮರದ ಮೇಲಿಟ್ಟು ನೋಡುವಳು.

"ಒಳಗೆ ಯಾರೂ ಇಲ್ಲ, ಕಡೆಯೋ," ಎನ್ನುವಳು. ಆಮೇಲೆ ಹಗ್ಗ ಎಳೆಯುವಳು.