ವ್ಯಾನಜ್ಜಿಯ ಬಿಸಿ ಗಾಳಿ

"ಆಂಟೀ, ಕಿಟಕಿ ಇಳಿಸೀ! ನಾವೆಲ್ಲ ಬೆಂದೇ ಹೋಗ್ತೀವಿ!"

ಹಿಂದಿನ ಸೀಟಿನಿಂದ ಕೂಗಿದವಳು ಫುಟ್‌ಬಾಲ್ ಟೀಮಿನ ಕ್ಯಾಪ್ಟನ್.

"ಅದು ಇಳಿಯಲ್ಲಮ್ಮಾ, ಹಟ ಮಾಡ್ಕೊಂಡು ಕೂತಿದೆ," ಎಂದಳು ವ್ಯಾನು ಓಡಿಸುತ್ತಿದ್ದ ಗುಬ್ಬಿಯ ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ಸ್ವಲ್ಪ ತಡ್ಕೊಳ್ಳಿ, ಇನ್ನೇನು ಬಂದೇಬಿಡ್ತು."

ಮುಂದಿನ ಸೀಟಿನಲ್ಲಿ ಕೂತಿದ್ದ ಗುಬ್ಬಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮ್ಯಾಚಿಗೆ ಕರೆದೊಯ್ಯಬೇಕಿದ್ದ ಸ್ಕೂಲ್ ಬಸ್ಸು ಬೆಳಿಗ್ಗೆಯೇ ಕೈಕೊಟ್ಟಿತ್ತು. ಬೇರೆ ದಾರಿ ಕಾಣದೆ ಪಿಟಿ ಟೀಚರ್ ಅಮ್ಮನಿಗೆ ಫೋನ್ ಮಾಡಿ, ತಾವು ಸ್ಕೂಟರಿನಲ್ಲಿ ಮುಂದೆ ಹೋಗಿದ್ದರು. ಗುಬ್ಬಿ ಬೇಡ ಬೇಡ ಎಂದು ದೇವರನ್ನು ಬೇಡಿಕೊಳ್ಳುವಷ್ಟರಲ್ಲಿ ವ್ಯಾನು ಗೇಟಿನ ಮುಂದೆ ಬಂದು ಕೆಮ್ಮುತ್ತಾ ನಿಂತಿತ್ತು.

ಅಮ್ಮ ಅದನ್ನು ವ್ಯಾನಜ್ಜಿ ಎಂದು ಕರೆಯುತ್ತಿದ್ದಳು. ಹೆಸರಿಗೆ ತಕ್ಕ ಹಾಗೆ ಅಜ್ಜಿಗೆ ಒಂದು ಕಾಯಿಲೆ ಅಂತಿಲ್ಲ. ಪಕ್ಕದ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ಯಾರಾದರೂ ಇಳಿಯಬೇಕಾದರೆ ಗುಬ್ಬಿ ಮುಂದಿನಿಂದ ಹಾರಿ, ಓಡಿ ಬಂದು, ಬಾಗಿಲನ್ನು ಸ್ವಲ್ಪ ಎತ್ತಿ, ಬುಡಕ್ಕೊಂದು ಒದ್ದು ಎಳೆಯಬೇಕು. ಬ್ಯಾಟರಿ ಬದಲಾಯಿಸಿದರೆ ಕ್ಲಚ್ ಹೋಗುತ್ತಿತ್ತು, ಕ್ಲಚ್ ಹಾಕಿಸಿದರೆ ಇನ್ನೊಂದು. ಆ ಕ್ಲಚ್ಚಿಗೆ ಅಮ್ಮನ ಕಿವಿಯೋಲೆ ಹೋಗಿತ್ತು. "ಈಗ ಅಜ್ಜಿನೇ ಓಲೆ ಹಾಕ್ಕೊಂಡು ತಿರುಗ್ತಾಳೆ ನೋಡು," ಎಂದು ಅಮ್ಮ ನಕ್ಕಿದ್ದಳು. ಗುಬ್ಬಿಗೆ ನಗು ಬಂದಿರಲಿಲ್ಲ.

ಬೈದುಕೊಂಡರೂ ಬಿಡುವಂತಿಲ್ಲ. ಊರಿನ ಲಾಡ್ಜುಗಳಿಂದ ಕೊಳೆಯಾದ ಬೆಡ್‌ಶೀಟು, ದಿಂಬಿನ ಕವರು ತಂದು, ಒಗೆದು, ಇಸ್ತ್ರಿ ಮಾಡಿ ವಾಪಸ್ ಮುಟ್ಟಿಸುವುದು ಅಮ್ಮನ ಕೆಲಸ. ಮನೆಯಲ್ಲಿ ಇರುವವರು ಅವರಿಬ್ಬರೇ. ವ್ಯಾನು ಓಡಿದರೆ ಒಲೆ ಹೊತ್ತುತ್ತಿತ್ತು.

ಅಜ್ಜಿಯ ದೊಡ್ಡ ಕಾಯಿಲೆ ಎಂದರೆ ಎಂಜಿನ್ನು ಬೇಗ ಕಾದುಬಿಡುವುದು. ಅದಕ್ಕೇ ಅಮ್ಮ ಎಂಥ ಸುಡುಬೇಸಿಗೆಯಲ್ಲೂ ಹೀಟರ್ ಹಾಕಿಕೊಂಡೇ ಓಡಿಸುತ್ತಿದ್ದಳು. ಎಂಜಿನ್ನಿನ ಬಿಸಿಯಲ್ಲಿ ಒಂದಿಷ್ಟು ಹೀಗೆ ಒಳಗೆ ಬಂದರೆ ಅದಕ್ಕೆ ಅಷ್ಟು ಹಗುರವಂತೆ. "ಅಜ್ಜಿ ಉಸಿರಾಡ್ಲಿ. ಆ ಗುಂಡಿ ಮಾತ್ರ ಮುಟ್ಬೇಡ ಮರೀ," ಎಂದು ಗುಬ್ಬಿಗೆ ಹೇಳಿಟ್ಟಿದ್ದಳು. ಹೀಟರಿನ ಗುಂಡಿಯ ಒಂದು ಕಡೆ ಕೆಂಪು ಗೆರೆ, ಇನ್ನೊಂದು ಕಡೆ ನೀಲಿ ಗೆರೆ. ಅದು ಯಾವಾಗಲೂ ಕೆಂಪಿನ ಕಡೆಗೇ ಇರುತ್ತಿತ್ತು.

"ಲೇ, ಇದು ವ್ಯಾನಲ್ಲ ಕಣೇ, ಬೇಕರಿ ಓವನ್ನು!" ಎಂದಳು ಗೋಲ್‌ಕೀಪರ್.

"ಹೌದೇ, ನಾವು ಬನ್ನುಗಳು! ಊದ್ಕೋತಾ ಇದೀವಿ ನೋಡು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಬ್ಬಿ ಟೀಮಿಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ನಾಳೆ ಕ್ಲಾಸಿಗೆಲ್ಲ ಓವನ್ ಕತೆ ಗೊತ್ತಾಗುತ್ತದೆ. ಆಮೇಲೆ ತನ್ನನ್ನೂ ಬನ್ನು ಅಂತಲೇ ಕರೆಯುತ್ತಾರೆ.

ಮುಂದೆ ದೊಡ್ಡ ಏರು. ಅಮ್ಮ ಗೇರ್ ಬದಲಾಯಿಸಿ, ಎದುರು ಬರುತ್ತಿದ್ದ ಲಾರಿಯನ್ನೇ ನೋಡುತ್ತಿದ್ದಳು. ಗುಬ್ಬಿ ಮೆಲ್ಲಗೆ ಕೈ ಚಾಚಿ ಗುಂಡಿಯನ್ನು ನೀಲಿಯ ಕಡೆಗೆ ತಿರುಗಿಸಿದಳು.

ಬಿಸಿ ಗಾಳಿ ನಿಂತಿತು.

"ಅಬ್ಬಾ! ಜೀವ ಬಂತು!" ಎಂದಳು ಕ್ಯಾಪ್ಟನ್. ಗುಬ್ಬಿಯ ಭುಜ ತಟ್ಟಿ, "ಏ ಗುಬ್ಬಿ, ಸೆಕೆಂಡ್ ಹಾಫಲ್ಲಿ ನಿನ್ನ ಇಳಿಸೋಣ ಅಂತ ಟೀಚರ್‌ಗೆ ಹೇಳ್ತೀನಿ. ನೀನು ಚೆನ್ನಾಗಿ ಓಡ್ತೀಯ," ಎಂದಳು.

ಗುಬ್ಬಿ ಹಿಂದೆ ತಿರುಗಿ ಕೂತಳು. ಬನ್ನಿನ ಜೋಕಿಗೆ ತಾನೂ ಒಂದು ಸೇರಿಸಿದಳು. ಎಲ್ಲರೂ ನಕ್ಕಾಗ ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಏರು ಇನ್ನೂ ಅರ್ಧ ಉಳಿದಿರುವಾಗ ಸುಟ್ಟ ವಾಸನೆ ಬಂತು. ಕೆಳಗಿನಿಂದ ಟಕ್ ಎಂದು ಒಂದು ಸದ್ದು. ಬಿಳಿಯ ಹಬೆ ಭುಸ್ಸೆಂದು ಎದ್ದು ಮುಂದಿನ ಗಾಜನ್ನೆಲ್ಲ ಮುಚ್ಚಿತು. ಅಮ್ಮ ಹೇಗೋ ವ್ಯಾನನ್ನು ಪಕ್ಕಕ್ಕೆಳೆದು ನಿಲ್ಲಿಸಿದಳು.

"ಗುಬ್ಬೀ, ಬಾಗಿಲು ತೆಗಿ! ಎಲ್ಲರನ್ನೂ ಇಳಿಸು, ಬೇಗ!"

ಗುಬ್ಬಿ ಎತ್ತಿದಳು, ಒದ್ದಳು, ಎಳೆದಳು. ಹುಡುಗಿಯರು ಒಬ್ಬೊಬ್ಬರಾಗಿ ಹಾರಿದರು. ಈಗ ಯಾರೂ ನಗುತ್ತಿರಲಿಲ್ಲ.

ಫೋನ್ ಮಾಡಿದ ಮೇಲೆ ಟೀಚರ್ ಆಟೋಗಳನ್ನು ಕಳಿಸಿದರು. "ಬಾರೇ ಗುಬ್ಬಿ," ಎಂದು ಕ್ಯಾಪ್ಟನ್ ಕರೆದಳು. "ಹೋಗು ಮರೀ, ಇಲ್ಲೇನಿದೆ?" ಎಂದಳು ಅಮ್ಮ. ಗುಬ್ಬಿ ತಲೆ ಅಲ್ಲಾಡಿಸಿ ಅಲ್ಲೇ ನಿಂತಳು. ಆಟೋಗಳು ಏರು ಹತ್ತಿ ಮರೆಯಾದವು.

ಗ್ಯಾರೇಜ್ ಮಾಮ ಬಂದು ವ್ಯಾನನ್ನು ಎಳೆಸಿಕೊಂಡು ಹೋದರು. ಗ್ಯಾರೇಜಿನಲ್ಲಿ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ಅಮ್ಮನಿಗೆ ತೋರಿಸಿದರು. ಕಪ್ಪಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಚಹಾದ ಹಾಗಿತ್ತು.

"ನೀರು ಎಣ್ಣೆ ಒಂದಾಗ್ಬಿಟ್ಟಿದೆ ಅಕ್ಕಾ. ಎರಡನ್ನೂ ಬೇರೆ ಇಡೋ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಹೆಡ್ಡೂ ಬಾಗಿರ್ಬೇಕು, ಬಿಚ್ಚಿದ್ರೆ ಗೊತ್ತಾಗತ್ತೆ."

"ರಿಪೇರಿಗೆ ಎಷ್ಟಾಗ್ಬಹುದು?"

ಮಾಮ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ಸುಳ್ಳು ಯಾಕೆ ಹೇಳ್ಲಿ? ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಹಳೇ ವ್ಯಾನ್ ಬರತ್ತೆ."

ಅಮ್ಮ ಕಡ್ಡಿಯ ತುದಿಯ ಎಣ್ಣೆಯನ್ನೇ ಮತ್ತೊಮ್ಮೆ ನೋಡಿದಳು.

"ಅಲ್ಲಾ, ಹೀಟರ್ ಹಾಕ್ಕೊಂಡೇ ಓಡ್ಸಿ ಅಂತ ಹೇಳಿದ್ನಲ್ಲಾ. ಅದೂ ಅಷ್ಟು ದೊಡ್ಡ ಏರಲ್ಲಿ..." ಮಾಮ ಬಗ್ಗಿ ವ್ಯಾನಿನೊಳಗೆ ನೋಡಿದರು. ಗುಂಡಿ ನೀಲಿಯ ಕಡೆಗಿತ್ತು.

ಗುಬ್ಬಿ ಅಮ್ಮನ ಹಿಂದೆ ಸರಿದಳು.

"ನಾನೇ ಆಫ್ ಮಾಡ್ದೆ," ಎಂದಳು ಅಮ್ಮ. "ಮಕ್ಕಳಿಗೆ ಸೆಕೆ ಆಗ್ತಿತ್ತು."

ಗುಜರಿಯವನಿಗೆ ಹೇಳಿಕಳಿಸುವ ಮಾತಾಯಿತು. ಹೊರಡುವಾಗ ಅಮ್ಮ ವ್ಯಾನಿನ ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತಿದ್ದಳು. ಗುಬ್ಬಿ ಅತ್ತ ನೋಡಲಿಲ್ಲ.

ಸಂಜೆ ಮನೆಯಲ್ಲಿ ಒಣಗಿದ ಬೆಡ್‌ಶೀಟುಗಳ ರಾಶಿ ಕಾಯುತ್ತಿತ್ತು. ದೂರದ ಲಾಡ್ಜಿನವರು ಆಗಲೇ ಫೋನಿನಲ್ಲಿ, ವ್ಯಾನಿಲ್ಲ ಅಂದಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಅಮ್ಮ ಒಂದು ತುದಿ ಹಿಡಿದಳು, ಗುಬ್ಬಿ ಇನ್ನೊಂದು ತುದಿ ಹಿಡಿದಳು. ಕೊಡವಿ, ಮಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿದರು. ದಿನವೂ ಹೀಗೆ ಹತ್ತಿರ ಬಂದಾಗ ಅಮ್ಮ ಅವಳ ಮೂಗು ಹಿಂಡುತ್ತಿದ್ದಳು. ಇವತ್ತು ಹಿಂಡಲಿಲ್ಲ.

"ಅಮ್ಮಾ... ಆ ಗುಂಡಿ ತಿರುಗಿಸಿದ್ದು ನಾನು."

"ಗೊತ್ತು. ನೋಡ್ದೆ."

ಗುಬ್ಬಿಯ ಕೈಯಿಂದ ಶೀಟು ಜಾರಿತು. "ಮತ್ತೆ ಯಾಕೆ ವಾಪಸ್ ತಿರುಗಿಸ್ಲಿಲ್ಲ?"

ಅಮ್ಮ ಬಿದ್ದ ತುದಿಯನ್ನು ಎತ್ತಿಕೊಟ್ಟಳು. "ನೀನು ಅವರ ಜೊತೆ ನಗ್ತಾ ಇದ್ದೆ. ಏರು ಮುಗಿಯೋವರೆಗೆ ತಾನೇ, ಆಮೇಲೆ ಹಾಕೋಣ ಅಂದ್ಕೊಂಡೆ." ಶೀಟಿನ ಸುಕ್ಕು ಬಿಡಿಸುತ್ತಾ, "ಹಾಗೆ ಅಂದ್ಕೋಬಾರ್ದಿತ್ತು," ಎಂದಳು.

ಗುಬ್ಬಿಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಇನ್ನೊಂದು ಶೀಟು ತೆಗೆದು ತುದಿ ಚಾಚಿದಳು. ಅವಳೂ ತುಂಬ ದಣಿದಿದ್ದಳು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ವ್ಯಾನಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಸ್ಕೂಲಿನಾಚೆಯ ಲಾಡ್ಜಿಗೆ ಹೋಗಬೇಕಾದ ಎರಡು ಗಂಟುಗಳನ್ನು ಅಮ್ಮ ಕಟ್ಟಿದಳು. ದೊಡ್ಡದನ್ನು ತಾನು ಹೊತ್ತಳು. ಚಿಕ್ಕದನ್ನು ಗುಬ್ಬಿ ತಾನಾಗಿಯೇ ಭುಜಕ್ಕೇರಿಸಿದಳು.

ಸೈಕಲ್ ಅಂಗಡಿಯ ತಿರುವಿನಲ್ಲಿ ಅಮ್ಮ ನಿಂತಳು. ಗುಬ್ಬಿ ದಿನಾ ವ್ಯಾನಿನಿಂದ ಇಳಿಯುತ್ತಿದ್ದುದು ಅಲ್ಲೇ. ಗೇಟಿನ ಹತ್ತಿರ ರಶ್ ಇರುತ್ತದೆ, ಇಲ್ಲೇ ಇಳಿಸು ಎಂದು ಅವಳೇ ಹೇಳಿದ್ದಳು.

"ಕೊಡಿಲ್ಲಿ, ಇಲ್ಲಿಂದ ಎರಡೂ ನಾನೇ ಹೊತ್ಕೊಂಡು ಹೋಗ್ತೀನಿ," ಎಂದು ಅಮ್ಮ ಕೈ ಚಾಚಿದಳು. "ನೀನು ಮುಂದೆ ಹೋಗು. ನಾನು ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ."

ಗುಬ್ಬಿ ಅಮ್ಮನ ಮುಖ ನೋಡಿದಳು. ರಶ್ಶಿನ ಮಾತು ಸುಳ್ಳು ಎಂದು ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ದಿನಾ ಇಲ್ಲೇ ನಿಲ್ಲಿಸುತ್ತಿದ್ದಳು.

ತಿರುವಿನಾಚೆ ಕಾಣುತ್ತಿದ್ದ ಸ್ಕೂಲಿನ ಗೇಟಿನಲ್ಲಿ ಕ್ಯಾಪ್ಟನ್ ನಿಂತಿದ್ದಳು. "ಗುಬ್ಬೀ, ಏನೇ ಅದು ಮೂಟೆ?" ಎಂದು ದೂರದಿಂದಲೇ ಕೂಗಿದಳು.

ಗಂಟು ಭಾರವಾಗಿತ್ತು. ಗುಬ್ಬಿ ಅದನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿದಳು.

"ಲಾಡ್ಜಿನ ಬೆಡ್‌ಶೀಟು," ಎಂದು ಕೂಗಿ ಹೇಳಿದಳು. "ಕೊಟ್ಟು ಬರ್ತೀವಿ ಇರು."

ಆಮೇಲೆ ಅಮ್ಮನ ಕಡೆ ತಿರುಗಿ, "ನಡಿಯಮ್ಮಾ," ಎಂದಳು.