ಕೊನೆಯ ಕಪಾಟು

“ಪುಸ್ತಕ ಎಲ್ಲಾ ಕೆಳಗಿಳಿಸಬೇಕು” ಎಂದು ಬಂದ ದಿನವೇ ಆ ಮನುಷ್ಯ ಹೇಳಿದಾಗ, ಮೊದಲು ಅವನನ್ನೇ ಮೆಟ್ಟಿಲಿಳಿಸಿ ಕಳಿಸಬೇಕೆಂದು ಅವಳಿಗೆ ಅನ್ನಿಸಿತು.

ಪ್ರೈಮರಿ ಶಾಲೆಯ ಆ ಲೈಬ್ರರಿ ಅವಳ ರಾಜ್ಯ. ಮಕ್ಕಳ ಬಾಯಲ್ಲಿ ಅವಳು ಪುಸ್ತಕದ ಮಿಸ್. ಮಕ್ಕಳು ಹೇಗೆ ಕೇಳುತ್ತಾರೋ ಹಾಗೇ ಜೋಡಿಸಿದ್ದಳು: ನಗಿಸುವ ಕಪಾಟು, ಹೆದರಿಸುವ ಕಪಾಟು, ಸ್ವಲ್ಪವೇ ಅಳಿಸುವ ಕಪಾಟು. ಯಾವುದು ಎಲ್ಲಿದೆ ಎಂಬುದು ಅವಳ ತಲೆಯಲ್ಲಿತ್ತು. ಅವನು ಬಂದದ್ದು ಪ್ರತಿ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಲು. ಅದು ಮುಗಿಯುವವರೆಗೆ ಲೈಬ್ರರಿ ಬಂದ್. ಮುಗಿದ ಮೇಲೆ ಅವನು ಬೇರೆ ಊರಿನ ಶಾಲೆಗೆ. ಮಕ್ಕಳು ಆಗಲೇ ಅವನಿಗೆ ಸ್ಟಿಕ್ಕರ್ ಸರ್ ಎಂದು ಹೆಸರಿಟ್ಟಿದ್ದರು.

ಮೊದಮೊದಲು ಇಬ್ಬರದೂ ಹಾವು ಮುಂಗುಸಿ ಸಂಬಂಧ. ಮಕ್ಕಳಿಗೆ ನಂಬರ್ ಯಾಕೆ ಬೇಕು ಎಂದು ಅವಳು ವಾದಿಸಿದಳು. ನೀವು ಜ್ವರ ಬಂದು ಮಲಗಿದರೆ ಮಕ್ಕಳು ಯಾರನ್ನು ಕೇಳಬೇಕು ಎಂದಷ್ಟೇ ಅವನು ಕೇಳಿದ. ಮರುದಿನ ಅವನೇ ಬಣ್ಣದ ಸ್ಟಿಕ್ಕರ್ ತಂದ: ನಗುವಿಗೆ ಹಳದಿ, ಹೆದರಿಕೆಗೆ ಕಪ್ಪು. ಅಳುವಿಗೆ ಯಾವುದೆಂದು ಅವಳನ್ನು ಕೇಳಿದ. ನೀಲಿ ಎಂದಳು. ಅವಳ ಕಪಾಟುಗಳನ್ನು ಅವನು ಹಾಗೇ ಉಳಿಸಿದ್ದ. ಅವಳ ಸಿಟ್ಟು ಅಲ್ಲಿಗೆ ಇಳಿಯಿತು.

ತೊಂದರೆ ಶುರುವಾದದ್ದೇ ಆಮೇಲೆ. ಪುಸ್ತಕ ಕೈ ಬದಲಾಯಿಸುವಾಗ ಅವನು ಹೆಸರು ಓದುವ ನೆಪದಲ್ಲಿ ಅರೆಗಳಿಗೆ ಹೆಚ್ಚೇ ಹಿಡಿದುಕೊಳ್ಳುತ್ತಿದ್ದ. ಅವಳು ನೋಡಿದರೆ ಸ್ಟಿಕ್ಕರ್ ನೋಡುತ್ತಿದ್ದ, ನೋಡದಿದ್ದರೆ ಅವಳನ್ನು.

“ಈಗೀಗ ಅವನನ್ನ ಬೈಯೋದೇ ನಿಲ್ಲಿಸಿದ್ದೀಯಲ್ಲ, ಹುಷಾರಾಗಿದ್ದೀಯಾ?” ಎಂದು ಅವಳ ಅಮ್ಮ ಊಟಕ್ಕೆ ಬಡಿಸುತ್ತಾ ಕೇಳಿದರು.

ಬಾಕಿ ಉಳಿದ ಕಪಾಟುಗಳು ಕಡಿಮೆಯಾದಂತೆ ಅವಳ ಎದೆ ಭಾರವಾಗತೊಡಗಿತು. ಒಂದು ಸಂಜೆ ಅವನು ಹೋದ ಮೇಲೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಕೊನೆಯ ಕಪಾಟಿನ ಒಂದಷ್ಟು ಸ್ಟಿಕ್ಕರ್ ಕಿತ್ತಳು. ಮಾರನೆಯ ದಿನ ಅವನು ಯಾರು ಕಿತ್ತರೆಂದೂ ಕೇಳದೆ ಮತ್ತೆ ಅಂಟಿಸಿದ, ಅದೂ ಆಮೆಗತಿಯಲ್ಲಿ. ಅವಳು ಮತ್ತೆ ಕಿತ್ತಳು. ಕೆಲಸ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಆಗ ಹೆಡ್‌ಮಿಸ್ ಬಂದರು. ಮಕ್ಕಳು ದಿನಾ ಕಿಟಕಿಗೆ ಮೂಗೊತ್ತಿ ನಿಂತು ಹೋಗುತ್ತಿದ್ದಾರೆ, ಎರಡನೇ ಕ್ಲಾಸಿನವರಂತೂ ಈಗ ಪುಸ್ತಕ ಕೇಳುವುದನ್ನೇ ಬಿಟ್ಟಿದ್ದಾರೆ, ಯಾಕಿಷ್ಟು ತಡ ಎಂದರು.

“ನನ್ನ ತಪ್ಪು ಮೇಡಂ. ಸ್ಟಿಕ್ಕರ್ ಸರಿಯಾಗಿ ಅಂಟಿಸಿರಲಿಲ್ಲ” ಎಂದ ಅವನು, ಅವಳ ಕಡೆ ತಿರುಗದೆ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಬದಲು ಅವನು ಬೈಸಿಕೊಂಡದ್ದಕ್ಕಿಂತ, ಕೇಳುವುದನ್ನೇ ಬಿಟ್ಟ ಮಕ್ಕಳ ಮಾತು ಹೆಚ್ಚು ಚುಚ್ಚಿತು. ತನ್ನ ಆಸೆಗಾಗಿ ಅವರನ್ನು ಹೊರಗೆ ನಿಲ್ಲಿಸಿದ್ದಳು.

ಮರುದಿನ ಎಲ್ಲರಿಗಿಂತ ಮೊದಲೇ ಬಂದು ಕೊನೆಯ ಕಪಾಟನ್ನು ತಾನೇ ಮುಗಿಸಿದಳು. ಒಂದೊಂದು ಸ್ಟಿಕ್ಕರ್ ಅಂಟಿಸಿದಾಗಲೂ ಅವನನ್ನು ತಾನೇ ಕೈಯಾರೆ ಕಳಿಸುತ್ತಿದ್ದೇನೆ ಅನ್ನಿಸಿತು; ಆದರೂ ಕೈ ನಿಲ್ಲಿಸಲಿಲ್ಲ. ಬೆಲ್ ಹೊಡೆದಾಗ ಬಾಗಿಲು ತೆಗೆದಳು. ಮಕ್ಕಳು ನುಗ್ಗಿ ಬಂದು ನೆಲದ ಮೇಲೆಲ್ಲ ಹರಡಿಕೊಂಡು ಕೂತರು.

ಅವನು ಬಂದು ಬಾಗಿಲಲ್ಲೇ ನಿಂತ. ತುಂಬಿದ ಕಪಾಟು ನೋಡಿ ಮುಖ ಸಣ್ಣದಾಯಿತು.

“ಮುಗಿಸಿಬಿಟ್ರಾ?”

“ಮುಗಿಸಿದೆ. ಕೀಳ್ತಾ ಇದ್ದದ್ದೂ ನಾನೇ.”

“ಗೊತ್ತು. ಅದಕ್ಕೇ ನಿಧಾನವಾಗಿ ಅಂಟಿಸ್ತಿದ್ದೆ. ನಂಗೂ ಹೋಗೋಕೆ ಮನಸ್ಸಿರಲಿಲ್ಲ.”

ಅವಳು ಅವನ ಮುಖ ನೋಡಿಯೇ ಹೇಳಿದಳು. “ಇನ್ನು ಅದೆಲ್ಲ ಬೇಡ, ಮಕ್ಕಳಿಗೆ ಅನ್ಯಾಯ. ನೀವು ನಂಗೆ ಇಷ್ಟ. ಇಲ್ಲಿ ನಿಮಗಿನ್ನು ಕೆಲಸ ಇಲ್ಲ. ಕೆಲಸ ಇಲ್ಲದಿದ್ರೂ ಬರ್ತೀರಾ?”

ಅವನು ಮಕ್ಕಳ ಪುಟ್ಟ ಕುರ್ಚಿ ಎಳೆದುಕೊಂಡು, ಮಂಡಿ ಗಲ್ಲಕ್ಕೆ ತಾಗುವಂತೆ ಅವಳ ಪಕ್ಕ ಕೂತ.

“ಭಾನುವಾರ ಬರ್ತೀನಿ.”

“ಭಾನುವಾರ ಶಾಲೆ ಇರಲ್ಲ.”

“ಗೊತ್ತು. ನಿಮ್ಮ ಮನೆಗೆ ಬರ್ತೀನಿ, ನಮ್ಮಪ್ಪ ಅಮ್ಮನ್ನ ಕರ್ಕೊಂಡು.”

ಅವಳು ಹೂಂ ಎಂದಳು.